ಅರ್ಧ ಕೆರೆದ ತಂತಿಯ ಮೋಟರ್

ಮಿಕ್ಸಿ, ಫ್ಯಾನು, ಬೋರ್‌ವೆಲ್ ಪಂಪು, ಬ್ಯಾಟರಿ ಸ್ಕೂಟರು: ಎಲ್ಲದರ ಒಳಗೂ ಮೋಟರಿದೆ. ಬಿಚ್ಚಿ ನೋಡಿದರೆ ತಂತಿಯ ಸುತ್ತುಗಳು ಕಂಡಾವೇ ಹೊರತು ಅದು ತಿರುಗುವ ಬಗೆ ತಿಳಿಯದು. ಅದನ್ನು ತಿಳಿಯಲು ಒಂದು ಮೋಟರನ್ನು ಕೈಯಾರೆ ಮಾಡುವುದೇ ಸುಲಭ.

ಬೇಕಾಗುವ ಸಾಮಾನು

ದೊಡ್ಡ ಟಾರ್ಚಿಗೆ ಹಾಕುವ 1.5 ವೋಲ್ಟಿನ ದಪ್ಪ ಸೆಲ್ ಒಂದು, ಸೇಫ್ಟಿ ಪಿನ್ನು ಎರಡು, ಅಗಲ ರಬ್ಬರ್ ಬ್ಯಾಂಡ್ ಒಂದು, ಕೆಟ್ಟ ಸ್ಪೀಕರಿನಿಂದ ತೆಗೆದ ಚಿಕ್ಕ ಅಯಸ್ಕಾಂತ ಒಂದು, 22 ಅಥವಾ 24 ಗೇಜಿನ ವೈಂಡಿಂಗ್ ತಂತಿ ಒಂದು ಮೀಟರ್. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ತಂತಿ ಸಿಗುತ್ತದೆ. ನೋಡಲು ಬರಿಯ ತಾಮ್ರದಂತಿದ್ದರೂ ಅದರ ಮೈಮೇಲೆ ವಿದ್ಯುತ್ ಹರಿಯಗೊಡದ ಎನಾಮಲ್ ಲೇಪವಿರುತ್ತದೆ. ಲೇಪವಿಲ್ಲದಿದ್ದರೆ ಸುತ್ತುಗಳು ಒಂದಕ್ಕೊಂದು ತಾಗಿ, ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ.

ಜೋಡಿಸುವ ಬಗೆ

ತಂತಿಯ ತುದಿಯಲ್ಲಿ ಐದು ಸೆಂ.ಮೀ. ಬಿಟ್ಟು, ಸೆಲ್ಲಿನ ಮೈಗೆ ಏಳೆಂಟು ಸುತ್ತು ಸುತ್ತಿ. ಸುರುಳಿಯನ್ನು ಮೆಲ್ಲನೆ ಜಾರಿಸಿ ತೆಗೆದು, ಎರಡೂ ತುದಿಗಳನ್ನು ಎದುರುಬದುರಾಗಿ ಒಂದೆರಡು ಬಾರಿ ಸುರುಳಿಗೇ ಬಿಗಿದು, ನೇರವಾಗಿ ಹೊರಕ್ಕೆ ಚಾಚಿ. ಇವೇ ಅಚ್ಚು.

ಇನ್ನು ಕೆರೆಯುವ ಕೆಲಸ. ಒಂದು ತುದಿಯ ಎನಾಮಲನ್ನು ಬ್ಲೇಡಿನಿಂದ ಸುತ್ತಲೂ ಪೂರ್ತಿ ಕೆರೆಯಿರಿ. ಕಂದು ಬಣ್ಣ ಹೋಗಿ ತಾಮ್ರ ಮಿರುಗಬೇಕು. ಇನ್ನೊಂದು ತುದಿಗೆ ಬಂದಾಗ ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ತಂತಿಯನ್ನು ಮೇಜಿನ ಅಂಚಿಗೆ ಒರಗಿಸಿ, ಮೇಲ್ಭಾಗದ ಅರ್ಧವನ್ನು ಮಾತ್ರ ಕೆರೆಯಿರಿ. ಕೆಳಗಿನ ಅರ್ಧಕ್ಕೆ ಬ್ಲೇಡು ಸೋಕಬಾರದು.

ಸೆಲ್ಲಿನ ಎರಡೂ ತುದಿಗೆ ಒಂದೊಂದು ಪಿನ್ನನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಪಿನ್ನಿನ ಉಂಗುರದಂಥ ಕಣ್ಣು ಮೇಲಿರಲಿ. ಅಯಸ್ಕಾಂತವನ್ನು ಸೆಲ್ಲಿನ ಬೆನ್ನಿಗೆ ಟೇಪಿನಿಂದ ಅಂಟಿಸಿ. ಸುರುಳಿಯ ಅಚ್ಚುಗಳನ್ನು ಕಣ್ಣುಗಳಿಗೆ ಪೋಣಿಸಿ, ಬೆರಳಿನಿಂದ ಸಣ್ಣಗೆ ತಳ್ಳಿ. ಸುರುಳಿ ಗಿರ್ರನೆ ತಿರುಗತೊಡಗುತ್ತದೆ.

ತಿರುಗುವುದೇಕೆ?

ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡರು. ಅಂದರೆ ವಿದ್ಯುತ್ ಹರಿದಾಗ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಮರುವರ್ಷವೇ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಪಾದರಸದಲ್ಲಿ ಅದ್ದಿದ ತಂತಿಯೊಂದು ಅಯಸ್ಕಾಂತದ ಸುತ್ತ ಬಿಡದೆ ಸುತ್ತುವಂತೆ ಮಾಡಿದರು.

ವಿದ್ಯುತ್ ಹರಿದಾಗ ನಮ್ಮ ಸುರುಳಿಯೂ ಅಯಸ್ಕಾಂತವಾಗುತ್ತದೆ: ಒಂದು ಮುಖ ಉತ್ತರ ಧ್ರುವ, ಇನ್ನೊಂದು ದಕ್ಷಿಣ ಧ್ರುವ. ಸೆಲ್ಲಿನ ಮೇಲಿನ ಅಯಸ್ಕಾಂತದ ಮೇಲ್ಮುಖ ಉತ್ತರ ಧ್ರುವವೆನ್ನೋಣ. ಸುರುಳಿಯ ದಕ್ಷಿಣ ಮುಖ ಅದರ ಕಡೆಗೆ ಹೊರಳುತ್ತದೆ. ಎದುರಾದ ಮೇಲೆ? ವಿದ್ಯುತ್ ಹರಿಯುತ್ತಲೇ ಇದ್ದರೆ ಅಲ್ಲೇ ನಿಲ್ಲುತ್ತದೆ. ಮುಂದೆ ಹೋದರೂ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಹಾಗಾಗಿ ಸೆಳೆಯುವ ಬಲ ಇದ್ದರೆ ಸಾಲದು, ಅದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಉಪಾಯವೂ ಬೇಕು. ಅದೇ ಆ ಅರ್ಧ ಕೆರೆದ ತಂತಿ. ಸುರುಳಿ ಅಡ್ಡವಾಗಿ ಮಲಗಿ ಅಯಸ್ಕಾಂತಕ್ಕೆ ಎದುರಾದ ಗಳಿಗೆಗೇ, ಪಿನ್ನಿಗೆ ತಾಗುವ ಜಾಗಕ್ಕೆ ಎನಾಮಲ್ ಬರುತ್ತದೆ, ವಿದ್ಯುತ್ತು ಕಡಿಯುತ್ತದೆ. ಹಿಂದಿನ ವೇಗದಲ್ಲೇ ಸುರುಳಿ ಉಳಿದರ್ಧ ಸುತ್ತು ಮುಗಿಸುವ ಹೊತ್ತಿಗೆ ಮತ್ತೆ ತಾಮ್ರ ತಾಗುತ್ತದೆ.

ಇದು ಒಂಟಿ ಕಾಲಿನಲ್ಲಿ ಸೈಕಲ್ ತುಳಿದಂತೆ: ಅರ್ಧ ಸುತ್ತಿಗೆ ಬಲ, ಇನ್ನರ್ಧಕ್ಕೆ ಬರಿಯ ಓಟ. ಎರಡನೆಯ ಅರ್ಧ ಸುತ್ತಿನಲ್ಲಿ ವಿದ್ಯುತ್ತನ್ನು ಕಡಿಯುವ ಬದಲು ಅದರ ದಿಕ್ಕನ್ನೇ ತಿರುಗಿಸಿದರೆ ಆಗಲೂ ಬಲ ಸಿಗುತ್ತದೆ. ಆ ಕೆಲಸ ಮಾಡುವ ಸಾಧನವೇ ದಿಕ್ಪರಿವರ್ತಕ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1832ರಲ್ಲಿ ಇದನ್ನು ಮೋಟರಿಗೆ ಅಳವಡಿಸಿದರು. ಸಾಮಾನ್ಯ ಮಿಕ್ಸಿಯಲ್ಲಿ ಈಗಲೂ ತಾಮ್ರದ ಪಟ್ಟಿಗಳ ದಿಕ್ಪರಿವರ್ತಕವಿದೆ. ಅದಕ್ಕೆ ಒತ್ತಿ ನಿಂತ ಎರಡು ಕಾರ್ಬನ್ ಬ್ರಷ್‌ಗಳು ವಿದ್ಯುತ್ತನ್ನು ದಾಟಿಸುತ್ತವೆ. ಮಿಕ್ಸಿ ಓಡುವಾಗ ಸಂದಿಯಿಂದ ಕಾಣುವ ನೀಲಿ ಕಿಡಿ ಅಲ್ಲಿಯದೇ. ಬ್ರಷ್ ಸವೆದರೆ ಮಿಕ್ಸಿ ನಿಲ್ಲುತ್ತದೆ. ಬೋರ್‌ವೆಲ್ ಪಂಪಿನ ಇಂಡಕ್ಷನ್ ಮೋಟರಿಗೆ ಬ್ರಷ್ ಬೇಡ. ಲೈನಿನಲ್ಲಿ ಬರುವ ವಿದ್ಯುತ್ತೇ ಸೆಕೆಂಡಿಗೆ 50 ಆವರ್ತದಂತೆ ದಿಕ್ಕು ಬದಲಿಸುತ್ತಿರುತ್ತದೆ.

ತಿರುಗದಿದ್ದರೆ

ಸುರುಳಿ ಸುಮ್ಮನೆ ಬಿದ್ದಿದ್ದರೆ ಕೆರೆದ ಕಡೆ ಎನಾಮಲ್ ಉಳಿದಿದೆಯೇ ನೋಡಿ. ತಿರುಗದೆ ಅತ್ತಿತ್ತ ತೂಗಾಡುತ್ತಿದ್ದರೆ, ಸುರುಳಿಯನ್ನು ಮಲಗಿಸಿ ಕೆರೆದಿರುವ ಸಾಧ್ಯತೆ ಹೆಚ್ಚು: ಆಗ ಮುಂದಕ್ಕೆ ಸಿಕ್ಕ ಬಲವನ್ನು ಹಿಂದಕ್ಕೆ ಸಿಕ್ಕ ಬಲ ತಿಂದುಹಾಕುತ್ತದೆ. ಕುಂಟುತ್ತಾ ತಿರುಗಿದರೆ ಅಚ್ಚು ನೇರ ಮಾಡಿ.

ಈ ಸುರುಳಿ ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುವುದಿಲ್ಲ. ಆದ್ದರಿಂದ ಸೆಲ್ಲೂ ಪಿನ್ನೂ ಬೇಗ ಬಿಸಿಯಾಗುತ್ತವೆ. ಅರ್ಧ ನಿಮಿಷ ಓಡಿಸಿ ಸುರುಳಿ ತೆಗೆಯಿರಿ. ಬೈಕಿನ ಬ್ಯಾಟರಿಗಾಗಲಿ ಮನೆಯ ಪ್ಲಗ್ಗಿಗಾಗಲಿ ಇದನ್ನು ಎಂದೂ ಜೋಡಿಸಬೇಡಿ.

ಮಾಡಿ ನೋಡಿ

1. ಸೆಲ್ಲನ್ನು ಹಿಂದುಮುಂದಾಗಿ ಇಡಿ. ಮೋಟರ್ ಯಾವ ಕಡೆಗೆ ತಿರುಗುತ್ತದೆ?
2. ಸೆಲ್ಲನ್ನು ಮೊದಲಿನಂತಿಟ್ಟು ಅಯಸ್ಕಾಂತವನ್ನು ಮಗುಚಿ ಹಾಕಿ. ಈಗ?
3. ಎರಡನ್ನೂ ಒಟ್ಟಿಗೆ ಬದಲಿಸಿದರೆ ಏನಾಗಬಹುದು? ಮೊದಲು ಉತ್ತರ ಬರೆದಿಟ್ಟು, ಆಮೇಲೆ ಸುರುಳಿಯನ್ನು ತಳ್ಳಿ.