ಅಕ್ಷರಾರಂಭದಲ್ಲಿ ಬಾಯಿಯ ಕ್ರಮವೂ ಕೈಯ ಕ್ರಮವೂ

ಕವಿರಾಜಮಾರ್ಗವು 9ನೆಯ ಶತಮಾನದಲ್ಲಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಹೇಳಿತು. ಇವುಗಳಲ್ಲಿ ಒಂಕುಂದವು ಬೈಲಹೊಂಗಲ ತಾಲೂಕಿನ ಇಂದಿನ ಒಕ್ಕುಂದ. ಓದಿನ ಅಭ್ಯಾಸವಿಲ್ಲದೆಯೂ ಕನ್ನಡಿಗರು ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೊಗಳಿದ ಗ್ರಂಥವೂ ಅದೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಒಂದನೆಯ ತರಗತಿಗೆ ಬರುವ ಮಗುವಿನ ಸ್ಥಿತಿಯೂ ಇಂಥದೇ. ಮಾತು ಅದರ ಕೈವಶವಾಗಿದೆ, ಅಕ್ಷರ ಮಾತ್ರ ಹೊಸದು. ಆ ಅಕ್ಷರವನ್ನು ಯಾವ ಕ್ರಮದಿಂದ ಕೊಡಬೇಕೆಂಬುದೇ ಇಲ್ಲಿಯ ವಿಚಾರ.

ವರ್ಣಮಾಲೆಯು ಬಾಯಿಯ ಕ್ರಮವನ್ನನುಸರಿಸಿದುದು. ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂಬ ಸ್ಥಾನಗಳಂತೆ ಐದು ವರ್ಗಗಳು ಒಳಗಿನಿಂದ ಹೊರಗೆ ಸಾಗುತ್ತವೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಚ್ಚಗನ್ನಡಕ್ಕೆ 47 ಅಕ್ಷರಗಳ ಶುದ್ಧಗೆಯನ್ನು ನಿರ್ಣಯಿಸಿದಾಗಲೂ ಈ ಕ್ರಮವೇ ಆಧಾರವಾಗಿತ್ತು. ಶಾಸ್ತ್ರದೃಷ್ಟಿಯಿಂದ ಇದಕ್ಕಿಂತ ನಿರ್ದುಷ್ಟವಾದ ಕ್ರಮವು ದುರ್ಲಭ.

ಆದರೆ ಓದುವುದಕ್ಕೆ ತೊಡಗುವ ಮಗುವಿಗೆ ಈ ಕ್ರಮವು ಬೇಗನೆ ಫಲವನ್ನು ಕೊಡುವುದಿಲ್ಲ. ಅ ಆ ಇ ಈ ಉ ಎಂಬ ಐದನ್ನು ಕಲಿತರೂ ‘ಆ’, ‘ಈ’ ಎಂದು ತೋರಿಸುವುದರ ಹೊರತು ಒಂದು ವಸ್ತುವಿನ ಹೆಸರನ್ನೂ ಬರೆಯಲಾಗದು. ಕವರ್ಗವನ್ನು ಮುಗಿಸಿದರೆ ದೊರೆಯುವ ಪದ ‘ಖಗ’. ಸವದತ್ತಿಯ ಮಗುವಿನ ಬಾಯಲ್ಲಿರುವುದೋ ‘ಹಕ್ಕಿ’!

ಕೈಯ ಕ್ರಮವು ಬೇರೆ. ಹಿಂದಿನ ಗಾಂವಟಿ ಶಾಲೆಗಳಲ್ಲಿ ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ತಿದ್ದಿಸುತ್ತಿದ್ದರು. ದೊಡ್ಡ ಹುಡುಗನು ಚಿಕ್ಕವನಿಗೆ ಹೇಳಿಕೊಡುತ್ತಿದ್ದನು. ಮದರಾಸಿನ ಅನಾಥಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬವನು ಈ ಮರಳುಬರಹವನ್ನು ನೋಡಿ ತನ್ನ ಶಾಲೆಯಲ್ಲಿ ಆಚರಣೆಗೆ ತಂದು, 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದನು. ಅದು ಅಲ್ಲಿ ‘ಮದರಾಸು ಪದ್ಧತಿ’ ಎಂದು ಪ್ರಸಿದ್ಧವಾಯಿತು.

ಈ ಎರಡು ಅಂಶಗಳನ್ನು, ಎಂದರೆ ಕೈಗೆಲಸವನ್ನೂ ಜೊತೆಗಾರನ ಸಹಾಯವನ್ನೂ, ‘ನಲಿ-ಕಲಿ’ ಪದ್ಧತಿಯಲ್ಲಿ ಮತ್ತೆ ಕಾಣಬಹುದು. ಋಷಿವ್ಯಾಲಿಯ ಗ್ರಾಮಶಾಲೆಗಳ ಮಾದರಿಯಿಂದ ಪ್ರೇರಿತವಾಗಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ಈ ಪದ್ಧತಿಯು 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ವ್ಯಾಪಿಸಿತು. ಇದರಲ್ಲಿ ಮೊದಲು ಕಲಿಸುವ ಅಕ್ಷರಗಳು ರ, ಗ, ಸ, ದ, ಅ. ರಕಾರವು ತಲೆಕಟ್ಟುಳ್ಳ ದುಂಡು, ಗಕಾರವು ತಲೆಕಟ್ಟುಳ್ಳ ಕಮಾನು. ಎಳೆಯ ಕೈಗೆ ಇವು ಸುಲಭ. ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಕೂಡಲೆ ಸಿದ್ಧಿಸುತ್ತವೆ. ಮುಂದೆ ಗುಡಿಸು ಕಲಿತಾಗ ‘ಅಗಸ’ವು ‘ಅಗಸಿ’ಯಾಗುತ್ತದೆ, ಮಗು ದಿನಾಲು ದಾಟುವ ಊರಬಾಗಿಲೇ ಹಲಗೆಯ ಮೇಲೆ ಮೂಡುತ್ತದೆ.

ಈ ನಾಡಿನಲ್ಲಿ ಕೈಗೆ ಬೇರೆ ಸಾಮಗ್ರಿಯನ್ನು ಹುಡುಕಬೇಕಾಗಿಲ್ಲ. ಶಾಲೆ ತೆರೆದ ಕೆಲವೇ ವಾರಗಳಲ್ಲಿ ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುತ್ತಾರೆ. ಎತ್ತಿನ ಕೊಂಬನ್ನು ತಿದ್ದಿದ ಬೆರಳಿಗೆ ಅದೇ ಮಣ್ಣಿನ ಎಳೆಯಿಂದ ರಕಾರವನ್ನು ಸುತ್ತುವುದು ಕಷ್ಟವಲ್ಲ. ಹುಣಸೆಯ ಬೀಜಗಳನ್ನು ಅಕ್ಷರದ ಗೆರೆಯ ಮೇಲೆ ಜೋಡಿಸಿದರೆ ಎಣಿಕೆಯೂ ಜೊತೆಗೆ ಬರುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ಹೀಗೆ ಆರಂಭಿಸಿದರೆ ಪರಂಪರೆಯ ವರ್ಣಕ್ರಮವು ಕೆಡುವುದಿಲ್ಲವೆ? ಆಕ್ಷೇಪವು ಅಲ್ಪವಲ್ಲ. ಅಂಗಿ, ಮಂಚ, ಗಂಟೆ, ಹಂದರ, ಕಂಬ ಈ ಐದರಲ್ಲಿಯೂ ಬರೆಯುವ ಸೊನ್ನೆಯು ಒಂದೇ, ಉಚ್ಚರಿಸುವ ಅನುನಾಸಿಕಗಳು ಮಾತ್ರ ಐದು. ಇದರ ಕಾರಣವು ವರ್ಗಕ್ರಮವನ್ನು ಬಲ್ಲವನಿಗೇ ಹೊಳೆಯುವುದು. ನಿಘಂಟಿನಲ್ಲಿ ಪದವನ್ನು ಹುಡುಕುವುದಕ್ಕೂ ಆ ಕ್ರಮವೇ ಬೇಕು. ಅದನ್ನರಿಯದವನು ಓದಬಲ್ಲನಾದರೂ ತಾನಾಗಿ ಶೋಧಿಸಲಾರನು.

ಸಮಾಧಾನವಿದು. ಎರಡು ಕ್ರಮಗಳಿಗೂ ವಿರೋಧವಿಲ್ಲ. ಅವುಗಳ ವಿಷಯವೇ ಭಿನ್ನ. ಬರೆಹವು ಕೈಯ ಕ್ರಮದಿಂದ ಸಾಗುತ್ತಿರಲಿ. ವರ್ಣಮಾಲೆಯನ್ನು ಬರೆಯಿಸದೆ, ಪ್ರತಿದಿನವೂ ಹಾಡಿನಂತೆ ಬಾಯಿಂದ ಹೇಳಿಸಲಿ. ಎಲ್ಲ ಅಕ್ಷರಗಳ ಪರಿಚಯವಾದಮೇಲೆ, ಮಗುವು ಮಾಡಿದ ಮಣ್ಣಿನ ಅಕ್ಷರಗಳನ್ನೇ ಆ ಹಾಡಿನ ಸಾಲಿನಲ್ಲಿ ಇಡಿಸತಕ್ಕದ್ದು. ಆಗ ಕಂಠಪಾಠವಾಗಿದ್ದುದಕ್ಕೆ ಅರ್ಥವುಂಟಾಗುವುದು.

ಇನ್ನೊಂದು ಮಾತು ಅವಶ್ಯ. ‘ಆನೆ’ ಎಂದು ಬರೆದಲ್ಲಿ ಈ ಭಾಗದ ಮಗುವು ‘ಆನಿ’ ಎಂದು ಓದುತ್ತದೆ. ಅದನ್ನು ಅಶುದ್ಧವೆಂದು ಗದರಿಸತಕ್ಕದ್ದಲ್ಲ. ಅದು ಅರ್ಥವನ್ನು ಗ್ರಹಿಸಿಯೇ ಓದಿತೆಂಬುದಕ್ಕೆ ಆ ಉಚ್ಚಾರಣೆಯೇ ಪ್ರಮಾಣ. ಗ್ರಂಥಸ್ಥರೂಪವು ಕ್ರಮೇಣ ಬರುವುದು. ತಿರುಳ್ಗನ್ನಡದ ನಾಡೆಂದು ಒಕ್ಕುಂದವನ್ನು ಕೊಂಡಾಡುವವರು ಅಲ್ಲಿಯ ಮಗುವಿನ ಮಾತನ್ನು ಮೊದಲ ದಿನವೇ ತಪ್ಪೆನ್ನುವುದು ಯುಕ್ತವಲ್ಲ.