ಗೋಷ್ಠಿಯ ಹೊಸ್ತಿಲು

ಹತ್ತು ಜನರೊಡನೆ ಕೂಡಿ ಬಾಳುವ ಆಸೆ ಮನುಷ್ಯನಿಗೆ ಸಹಜವಾದುದು. ಆದರೂ ಗೋಷ್ಠಿ ಸೇರಿದಲ್ಲಿ ಒಬ್ಬನು ಮುಂದೆ ಬಂದು ದನಿಗೂಡಿಸುತ್ತಾನೆ. ಮತ್ತೊಬ್ಬನು ಹೊಸ್ತಿಲಿನಿಂದಲೇ ಹಿಂದಿರುಗುತ್ತಾನೆ. ಈ ಹಿಂಜರಿಕೆಯ ಕಾರಣವನ್ನೂ ಅದು ಕರಗುವ ಬಗೆಯನ್ನೂ ಅರಿಯಲು ರಾಯಚೂರು ಸೀಮೆಯ ದಾಸಪರಂಪರೆಯಲ್ಲಿಯೇ ಒಂದು ನಿದರ್ಶನವುಂಟು.

ಮಾನ್ವಿ ತಾಲೂಕಿನ ಚೀಕಲಪರವಿಯಲ್ಲಿ ಜನಿಸಿದ ವಿಜಯದಾಸರು (1682–1755) ಕನ್ನಡ ಪದಗಳ ಮೂಲಕ ತತ್ತ್ವವನ್ನು ಜನಸಾಮಾನ್ಯರಿಗೆ ಮುಟ್ಟಿಸಿದರು. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು ಅವರ ಶಿಷ್ಯರು. ಆ ಕಾಲದಲ್ಲಿಯೇ ಮಾನ್ವಿ ಸೀಮೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತ ವಿದ್ವಾಂಸರೆಂದು ಹೆಸರಾಗಿದ್ದರು. ವಿಜಯದಾಸರು ಭೋಜನಕ್ಕೆ ಆಹ್ವಾನಿಸಿದಾಗ ಆಚಾರ್ಯರು ಹೊಟ್ಟೆನೋವಿನ ನೆವವೊಡ್ಡಿ ಹೋಗಲಿಲ್ಲವೆಂದೂ, ಆ ನೆವವೇ ನಿಜವಾದ ವ್ಯಾಧಿಯಾಗಿ ಅವರನ್ನು ಕಾಡಿತೆಂದೂ ಪರಂಪರೆ ಹೇಳುತ್ತದೆ.

ಈ ನಿರಾಕರಣೆಯನ್ನು ಕೇವಲ ಗರ್ವವೆಂದು ತಳ್ಳಿಹಾಕಲಾಗದು. ಬಹುಕಾಲದ ಶ್ರಮದಿಂದ ಗಳಿಸಿದ ವಿದ್ಯೆಗೆ ಕನ್ನಡ ಪದಗಳ ಗೋಷ್ಠಿಯಲ್ಲಿ ಬೆಲೆಯಿಲ್ಲದೆ ಹೋದೀತೆಂಬ ಅಳುಕೂ ಗರ್ವದ ಒಡಲಲ್ಲಿ ಅಡಗಿರುತ್ತದೆ.

ಅಳುಕನ್ನು ಕಳೆದುದು ವಾದವಲ್ಲ, ಔದಾರ್ಯ. ನೊಂದು ಬಂದ ಆಚಾರ್ಯರನ್ನು ವಿಜಯದಾಸರು ಗೋಪಾಲದಾಸರ ಬಳಿಗೆ ಕಳುಹಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನೇ ಧಾರೆಯೆರೆದರೆಂಬುದು ಭಕ್ತರ ನಂಬುಗೆ. ಆಚಾರ್ಯರು 'ಜಗನ್ನಾಥವಿಠಲ' ಎಂಬ ಅಂಕಿತದಿಂದ ಜಗನ್ನಾಥದಾಸರಾದರು. ಅವರ ಪಾಂಡಿತ್ಯವು ವ್ಯರ್ಥವಾಗಲಿಲ್ಲ. ಶಾಸ್ತ್ರಸಾರವು ಭಾಮಿನೀ ಷಟ್ಪದಿಯಲ್ಲಿ ಹರಿದು 'ಹರಿಕಥಾಮೃತಸಾರ'ವಾಯಿತು. 1809ರಲ್ಲಿ ಅವರು ಮಾನ್ವಿಯಲ್ಲಿ ದೇಹವಿಟ್ಟರು. ರಾಯಚೂರು ನಗರದಲ್ಲಿ ಆ ಕೃತಿಯ ಪಾರಾಯಣ ಇಂದಿಗೂ ನಡೆಯುತ್ತದೆ.

ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯೂ ಇದೇ ಮರ್ಮವನ್ನು ಬಲ್ಲದಾಗಿತ್ತು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ ಇವರಾರೂ ತಮ್ಮ ಕಾಯಕವನ್ನು ಹೊರಗಿಟ್ಟು ಒಳಬರಬೇಕಾಗಲಿಲ್ಲ. ಅವರ ಹುಟ್ಟು, ಹಗ್ಗ, ಅಕ್ಕಿಗಳಿಗೂ ಅಲ್ಲಿ ಮನ್ನಣೆಯಿತ್ತು. ತನ್ನಲ್ಲಿರುವುದು ಒಳಗಿರುವವರಿಗೆ ಬೇಕಾಗಿದೆಯೆಂದು ತಿಳಿದಾಗಲೇ ಮನುಷ್ಯನು ಹೊಸ್ತಿಲು ದಾಟುತ್ತಾನೆ.

ತರಗತಿಯ ಕೊನೆಯ ಸಾಲಿನಲ್ಲಿ ಮೌನವಾಗಿ ಕುಳಿತ ಬಾಲಕನೂ, ಕರೆದರೂ ಸಭೆಗೆ ಬಾರದ ಹಳೆಯ ವಿದ್ಯಾರ್ಥಿಯೂ ಇಂತಹ ಹೊಸ್ತಿಲಲ್ಲಿ ನಿಂತವರೇ. ಅಂಥವರನ್ನು ದೂರುವುದು ಸುಲಭ. ಅವರಲ್ಲಿರುವುದೇನೆಂದು ಅರಿತು ಅದನ್ನೇ ಬೇಡಿ ಕರೆಯುವುದು ಗುರುವಿನ ಕೆಲಸ. ಒಂದು ನೆವವನ್ನು ಮನ್ನಿಸಿದ ಫಲವಾಗಿ ಕನ್ನಡಕ್ಕೆ ಒಂದು ಮಹಾಕೃತಿ ದೊರೆಯಿತೆಂಬುದನ್ನು ಮರೆಯಲಾಗದು.