ದಾಖಲೆಗಳ ಪಟ್ಟಿಯಲ್ಲಿ ದಿನಾಂಕದ ಅಂಕಣಗಳು: ಅರ್ಜಿದಾರರ ಮಾಹಿತಿಗಾಗಿ

ಆದೇಶ, ಸುತ್ತೋಲೆ, ಅಧಿಸೂಚನೆ ಮುಂತಾದ ದಾಖಲೆಗಳನ್ನು ವಿಕಿ ಮಾದರಿಯ ತಂತ್ರಾಂಶದಲ್ಲಿ ಸಂಗ್ರಹಿಸಿ, ಪಟ್ಟಿಯ ರೂಪದಲ್ಲಿ ಸಾರ್ವಜನಿಕರಿಗೆ ಒದಗಿಸಿದಾಗ ಒಂದೇ ದಾಖಲೆಯ ಎದುರಿಗೆ ಎರಡು ಮೂರು ದಿನಾಂಕಗಳು ಕಂಡುಬರುವುದುಂಟು. ಅರ್ಜಿಯಲ್ಲಿ ಯಾವ ದಿನಾಂಕವನ್ನು ನಮೂದಿಸಬೇಕು ಹಾಗೂ ಕಾಲಮಿತಿಯನ್ನು ಯಾವುದರಿಂದ ಎಣಿಸಬೇಕು ಎಂಬುದನ್ನು ಅರ್ಜಿದಾರರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ವಿಕಿ ತಂತ್ರಾಂಶವು ತಾನಾಗಿಯೇ ದಾಖಲಿಸುವುದು ಕಡತವನ್ನು ಏರಿಸಿದ ಅಥವಾ ಪುಟವನ್ನು ತಿದ್ದಿದ ವೇಳೆಯನ್ನು ಮಾತ್ರ. ಹತ್ತು ವರ್ಷ ಹಳೆಯ ಆದೇಶದ ಪುಟದಲ್ಲಿ ಒಂದು ಕಾಗುಣಿತ ದೋಷವನ್ನು ಸರಿಪಡಿಸಿದರೂ ‘ಕೊನೆಯ ಬದಲಾವಣೆ’ ಎಂಬಲ್ಲಿ ಆ ದಿನದ ದಿನಾಂಕವೇ ಬರುತ್ತದೆ. ಅದನ್ನು ಕಂಡು ಹೊಸ ಆದೇಶ ಹೊರಟಿದೆ ಎಂದು ಭಾವಿಸಬಾರದು. ವಿಕಿಪೀಡಿಯಕ್ಕೆ ಆಧಾರವಾಗಿರುವ ಮೀಡಿಯಾವಿಕಿ ತಂತ್ರಾಂಶವು ವೇಳೆಯನ್ನು ಅಂತರರಾಷ್ಟ್ರೀಯ ಕಾಲಮಾನದಲ್ಲಿ ಕಾಯ್ದಿರಿಸುತ್ತದೆ. ಭಾರತದ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಸ್ಥಳೀಯ ವೇಳೆಯನ್ನು ತೋರಿಸುವಂತೆ ತಾಣವನ್ನು ಹೊಂದಿಸದಿದ್ದಲ್ಲಿ, ಬೆಳಗಿನ ಜಾವ ಏರಿಸಿದ ಕಡತವು ಹಿಂದಿನ ದಿನದ್ದೆಂದು ತೋರುತ್ತದೆ. ಕಚೇರಿಯ ವೇಳೆಯಲ್ಲಿ ಏರಿಸಿದ ಕಡತಗಳಿಗೆ ಈ ತೊಡಕು ಬಾಧಿಸದು.

ಕಾನೂನಿಗೆ ಬೇಕಾದ ದಿನಾಂಕವೇ ಬೇರೆ. ಮಾಹಿತಿ ಹಕ್ಕು ಅಧಿನಿಯಮ, 2005ನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದಕ್ಕೆ ರಾಷ್ಟ್ರಪತಿಯವರ ಅಂಕಿತ ದೊರೆತದ್ದು 15-06-2005ರಂದು. ರಾಜಪತ್ರದಲ್ಲಿ ಪ್ರಕಟವಾದದ್ದು 21-06-2005ರಂದು. ಕೆಲವು ಪ್ರಕರಣಗಳು ಕೂಡಲೇ ಜಾರಿಗೆ ಬಂದರೂ ಪೂರ್ಣವಾಗಿ ಜಾರಿಯಾದದ್ದು 12-10-2005ರಂದು. ಈ ಮೂರೂ ದಿನಾಂಕಗಳಿಗೆ ತಮ್ಮದೇ ಆದ ಮಹತ್ವವಿದೆ. ಆದರೆ ಇವುಗಳಲ್ಲಿ ಒಂದನ್ನೂ ತಂತ್ರಾಂಶವು ತಾನಾಗಿ ಅರಿಯಲಾರದು.

ಆದ್ದರಿಂದ ಪ್ರತಿ ದಾಖಲೆಯ ಪುಟದಲ್ಲಿ ‘ಆದೇಶದ ದಿನಾಂಕ’, ‘ಪ್ರಕಟಣೆಯ ದಿನಾಂಕ’, ‘ಜಾರಿಯ ದಿನಾಂಕ’ ಎಂಬ ಪ್ರತ್ಯೇಕ ಕ್ಷೇತ್ರಗಳನ್ನು ಸೇರಿಸಿ, ಅವುಗಳನ್ನು ಪಟ್ಟಿಯ ಅಂಕಣಗಳಾಗಿ ತೋರಿಸುವಂತೆ ಸೂಚಿಸಬೇಕಾಗುತ್ತದೆ. ಮೀಡಿಯಾವಿಕಿಯೊಂದಿಗೆ ಸೆಮ್ಯಾಂಟಿಕ್ ಮೀಡಿಯಾವಿಕಿ ಎಂಬ ವಿಸ್ತರಣೆಯನ್ನು ಅಳವಡಿಸಿದಲ್ಲಿ ಇದು ಸಾಧ್ಯ. ಆದರೆ ಕ್ಷೇತ್ರವು ದಿನಾಂಕದ ಬಗೆಯದು ಎಂದು ಮೊದಲೇ ಘೋಷಿಸಿರಬೇಕು. ಹಾಗೆ ಮಾಡದಿದ್ದಲ್ಲಿ ತಂತ್ರಾಂಶವು ಅದನ್ನು ಬರಿಯ ಅಕ್ಷರಗಳಂತೆ ಎಡದಿಂದ ಓದಿ ಜೋಡಿಸುತ್ತದೆ. ಸಕಾಲ ಯೋಜನೆಯು ರಾಜ್ಯಾದ್ಯಂತ ಜಾರಿಗೆ ಬಂದ 02-04-2012 ಎಂಬ ದಿನಾಂಕವು, 12-10-2005ಕ್ಕಿಂತ ಮೊದಲಿನದೆಂಬಂತೆ ಪಟ್ಟಿಯ ಮೇಲ್ಭಾಗಕ್ಕೆ ಬರುತ್ತದೆ. ಪಟ್ಟಿಯ ಮೊದಲ ಸಾಲಿನಲ್ಲಿರುವುದೇ ಇತ್ತೀಚಿನದು ಅಥವಾ ಅತ್ಯಂತ ಹಳೆಯದು ಎಂದು ಸ್ಥಾನವನ್ನಷ್ಟೇ ನೋಡಿ ತೀರ್ಮಾನಿಸದೆ, ಇಸವಿಯನ್ನು ಓದಿ ಖಚಿತಪಡಿಸಿಕೊಳ್ಳತಕ್ಕದ್ದು. ಅಂಕಣ ಖಾಲಿಯಿದ್ದರೆ ಆ ಪುಟದಲ್ಲಿ ದಿನಾಂಕವನ್ನು ತುಂಬಿಲ್ಲವೆಂದಷ್ಟೇ ಅರ್ಥ. ಮೂಲ ಪ್ರತಿಯನ್ನು ತೆರೆದು ನೋಡುವುದೇ ಸರಿಯಾದ ಮಾರ್ಗ.

ದಿನಾಂಕವನ್ನು ತಪ್ಪಾಗಿ ಗ್ರಹಿಸಿದಲ್ಲಿ ಹಕ್ಕಿಗೇ ಧಕ್ಕೆಯಾಗಬಹುದು. ಮಾಹಿತಿ ಹಕ್ಕು ಅಧಿನಿಯಮದ 19(1)ನೇ ಪ್ರಕರಣದಂತೆ ಮೊದಲನೆಯ ಮೇಲ್ಮನವಿಗೆ 30 ದಿನಗಳ ಅವಕಾಶವಿದ್ದು, ಅದನ್ನು ತೀರ್ಮಾನವು ಅರ್ಜಿದಾರರ ಕೈಸೇರಿದ ದಿನದಿಂದ, ಉತ್ತರವೇ ಬಾರದಿದ್ದಲ್ಲಿ ಉತ್ತರಕ್ಕೆ ನಿಗದಿಯಾದ ಅವಧಿ ಮುಗಿದಂದಿನಿಂದ ಎಣಿಸಲಾಗುತ್ತದೆ. ಅದೇ ತೀರ್ಮಾನವನ್ನು ತಿಂಗಳು ಕಳೆದ ಮೇಲೆ ಅಂತರಜಾಲದಲ್ಲಿ ಏರಿಸಿದ ಮಾತ್ರಕ್ಕೆ ಅವಧಿಯು ಹೊಸದಾಗಿ ಆರಂಭವಾಗುವುದಿಲ್ಲ. ಈ ಕಾರಣಕ್ಕಾಗಿ ಅಂಚೆಯ ಲಕೋಟೆಯನ್ನು ಕಾಗದದೊಂದಿಗೇ ಕಾಪಾಡಿಕೊಳ್ಳುವುದು ಒಳಿತು.

ಆಸ್ತಿ ಪತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ನೋಂದಣಿ ಅಧಿನಿಯಮ, 1908ರ 23ನೇ ಪ್ರಕರಣದಂತೆ ಪತ್ರವನ್ನು ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ತುರ್ತು ಅಗತ್ಯ ಅಥವಾ ಅನಿವಾರ್ಯ ಅವಘಡದಿಂದ ತಡವಾಗಿದ್ದಲ್ಲಿ, 25ನೇ ಪ್ರಕರಣದ ಅನ್ವಯ ನೋಂದಣಿ ಶುಲ್ಕದ ಹತ್ತು ಪಟ್ಟಿಗೆ ಮೀರದ ದಂಡ ತೆತ್ತು, ಮತ್ತೆ ನಾಲ್ಕು ತಿಂಗಳೊಳಗೆ ಅವಕಾಶ ಕೋರಬಹುದು. ಉಯಿಲಿಗೆ ಈ ಮಿತಿಯಿಲ್ಲ. ನೋಂದಣಿಯಾದ ಪತ್ರವು, 47ನೇ ಪ್ರಕರಣದ ಪ್ರಕಾರ, ನೋಂದಣಿಯ ದಿನದಿಂದಲ್ಲ, ನೋಂದಣಿಯ ಅಗತ್ಯವೇ ಇಲ್ಲದಿದ್ದಲ್ಲಿ ಅದು ಯಾವಾಗಿನಿಂದ ಜಾರಿಯಾಗುತ್ತಿತ್ತೋ ಆಗಿನಿಂದಲೇ ಪರಿಣಾಮ ಹೊಂದುತ್ತದೆ. ಹೀಗಾಗಿ ಒಂದೇ ಜಮೀನಿಗೆ ಎರಡು ಪತ್ರಗಳಿದ್ದಾಗ ನೋಂದಣಿಯ ದಿನಾಂಕವನ್ನಷ್ಟೇ ಹೋಲಿಸುವುದು ಸಾಲದು. ಬರೆದುಕೊಟ್ಟ ದಿನಾಂಕವನ್ನೂ ನೋಡಬೇಕು. ಛಾಯಾಪ್ರತಿಯನ್ನು ಏರಿಸಿದ ದಿನಾಂಕಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ.

ಅರ್ಜಿ ಸಲ್ಲಿಸುವಾಗ ದಾಖಲೆಯ ಸಂಖ್ಯೆಯ ಜೊತೆಗೆ, ಮೂಲ ಪ್ರತಿಯಲ್ಲಿ ಮುದ್ರಿತವಾಗಿರುವ ಆದೇಶದ ದಿನಾಂಕವನ್ನು ದಿನ, ತಿಂಗಳು, ಇಸವಿ ಎಂಬ ಕ್ರಮದಲ್ಲಿ, ಇಸವಿಯ ನಾಲ್ಕೂ ಅಂಕಿಗಳನ್ನು ಬರೆದು ನಮೂದಿಸಲು ಕೋರಲಾಗಿದೆ. ಪಟ್ಟಿಯಲ್ಲಿನ ದಿನಾಂಕಕ್ಕೂ ಮೂಲ ಪ್ರತಿಯಲ್ಲಿನ ದಿನಾಂಕಕ್ಕೂ ವ್ಯತ್ಯಾಸ ಕಂಡುಬಂದಲ್ಲಿ, ಆ ಪುಟದ ಮುದ್ರಿತ ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸಿ, ವ್ಯತ್ಯಾಸವನ್ನು ಸಂಬಂಧಪಟ್ಟ ಅಧಿಕಾರಿಯವರ ಗಮನಕ್ಕೆ ತರಬಹುದಾಗಿದೆ.